ಯುದ್ಧಕ್ರೀಡೆಯ ಗುಣದೋಷ ವಿಚಾರ

ಕೊಲ್ಲುವುದು ಪಾಪವಾದರೆ ಕೊಲ್ಲುವಂತೆ ಆಡುವುದೂ ಪಾಪವೇ? ಈ ಪ್ರಶ್ನೆ ತರ್ಕಗ್ರಂಥದಿಂದ ಎದ್ದು ಬಂದುದಲ್ಲ. ಶ್ರೀಮಠದ ಪ್ರಸಾದ ನಿಲಯದ ಕಂಪ್ಯೂಟರ್ ಕೋಣೆಯಿಂದ ಎದ್ದು ಬಂದುದು. ಇಲ್ಲಿಯೇ ಉಂಡು ಓದಿ ಈಗ ಬೆಂಗಳೂರಿನಲ್ಲಿ ಇಂಜಿನಿಯರರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ಕಂಪ್ಯೂಟರುಗಳನ್ನು ನಿಲಯಕ್ಕೆ ಭಕ್ತಿಯಿಂದ ಅರ್ಪಿಸಿದರು. ಅವುಗಳಲ್ಲಿ ಒಂದು ಬಹು ಬಲವಾದ ಯಂತ್ರ. ಪಿ.ಯು.ಸಿ. ಓದುವ ಹುಡುಗರು ಕೇಳಿದರೆಂದು ಅದರಲ್ಲಿ ಒಂದು ಯುದ್ಧದ ಆಟವನ್ನೂ ಅವರೇ ಹಾಕಿಕೊಟ್ಟು ಹೋದರು. ನಾಲ್ಕು ದಿನ ಕಳೆಯುವುದರಲ್ಲಿ ನಿಲಯದ ಮೇಲ್ವಿಚಾರಕರು ಪರದೆಯ ಮೇಲೆ ಬಂದೂಕನ್ನು ಕಂಡರು, ಕೋಣೆಗೆ ಬೀಗ ಹಾಕಿದರು, ಬೀಗದ ಕೈಯನ್ನು ತಂದು ನಮ್ಮ ಮುಂದಿಟ್ಟರು. "ಇದು ಬರೀ ಆಟ, ಅಜ್ಜಾರ" ಎಂದು ಇಂಜಿನಿಯರರು ದೂರವಾಣಿಯಲ್ಲಿ ಹೇಳಿದರು. "ಹಿಟ್ಟಿನ ಕೋಳಿಯೂ ಬರೀ ಹಿಟ್ಟೇ ಆಗಿತ್ತಲ್ಲವೆ?" ಎಂದು ಮೇಲ್ವಿಚಾರಕರು ಕೇಳಿದರು. ಅವರು ನಿವೃತ್ತ ಕನ್ನಡ ಪಂಡಿತರು.

ಪಂಡಿತರ ಈ ಮಾತು ಹಗುರವಾದುದಲ್ಲ. ಓದುಗರಲ್ಲಿ ಅನೇಕರು ಬಲ್ಲಂತೆ, ಜನ್ನ ಕವಿಯು 13ನೆಯ ಶತಮಾನದ ಆದಿಯಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವವಿರುವ ಕೋಳಿಯ ಬದಲು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ರಕ್ತ ಹರಿಯಲಿಲ್ಲ, ಯಾವ ಪ್ರಾಣಿಯೂ ನೋಯಲಿಲ್ಲ. ಆದರೂ ಸಂಕಲ್ಪದಿಂದ ಮಾಡಿದ ಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಕೈ ಮಾಡಿದ್ದಕ್ಕಿಂತ ಮನಸ್ಸು ಮಾಡಿದ್ದು ದೊಡ್ಡದು ಎಂಬ ಈ ಜೈನ ವಿಚಾರವನ್ನು ಯಾವ ಮತದವರೂ ಸುಲಭವಾಗಿ ತಳ್ಳಿಹಾಕಲಾರರು. ಹಾಗಾದರೆ ಪರದೆಯ ಮೇಲಿನ ಸೈನಿಕನೂ ಹಿಟ್ಟಿನ ಕೋಳಿಯೇ? ಬೀಗದ ಕೈಯನ್ನು ಹಿಂದಿರುಗಿಸದೆ ಮೂರು ಸಂಜೆ ಆ ಕೋಣೆಯಲ್ಲಿ ಹುಡುಗರ ಹಿಂದೆ ಕುಳಿತು ನೋಡಿದೆವು. ನೋಡದೆ ತೀರ್ಪು ಕೊಡುವ ಅಭ್ಯಾಸ ನಮಗೂ ಇಲ್ಲದಿಲ್ಲ. ಈ ಸಲ ಅದನ್ನು ಬಿಟ್ಟೆವು.

ಆಟದ ಹೆಸರು 'ಆರ್ಮಾ 3'. ಲ್ಯಾಟಿನ್ ಭಾಷೆಯಲ್ಲಿ ಆರ್ಮಾ ಎಂದರೆ ಆಯುಧಗಳು. ಜೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಬೊಹೀಮಿಯಾ ಇಂಟರ್‌ಆಕ್ಟಿವ್ ಎಂಬ ಸಂಸ್ಥೆ ಇದನ್ನು 2013ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಅದೇ ಸಂಸ್ಥೆಯವರು 2001ರಲ್ಲಿ ಮಾಡಿದ 'ಆಪರೇಷನ್ ಫ್ಲ್ಯಾಶ್‌ಪಾಯಿಂಟ್' ಎಂಬ ಆಟ ಈ ಪರಂಪರೆಯ ಮೂಲ. ನಮ್ಮ ಊರೂರುಗಳಲ್ಲಿ ತಂದೆತಾಯಿಗಳ ನಿದ್ದೆ ಕೆಡಿಸಿ, 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರದ ನಿಷೇಧಕ್ಕೆ ಒಳಗಾದ ಪಬ್‌ಜಿಯ ಬೇರು ಕೂಡ ಇದೇ ಮನೆತನದಲ್ಲಿದೆ: ಅದನ್ನು ಕಲ್ಪಿಸಿದವನು ಮೊದಲು 'ಆರ್ಮಾ 2' ಮತ್ತು 'ಆರ್ಮಾ 3'ರ ಮೇಲೆಯೇ ತನ್ನ ಪ್ರಯೋಗಗಳನ್ನು ಕಟ್ಟಿದ್ದನು. ಆದರೆ ತಾಯಿಯ ಸ್ವಭಾವ ಮಗಳದ್ದಲ್ಲ.

ಯುದ್ಧವನ್ನು ಆಟವಾಗಿಸುವುದು ಈ ಕಾಲದ ಕೆಡುಕು ಎಂದು ಭಾವಿಸುವವರು ಚದುರಂಗದ ಹೆಸರನ್ನೇ ಒಮ್ಮೆ ಬಿಡಿಸಿ ನೋಡಬೇಕು. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳೇ ಆ ಹೆಸರು. ಪ್ರಷ್ಯಾ ದೇಶದಲ್ಲಿ ರೈಸ್‌ವಿಟ್ಸ್ ಎಂಬ ತಂದೆಮಕ್ಕಳು ನಕ್ಷೆಯ ಮೇಲೆ ಮರದ ತುಂಡುಗಳನ್ನಿಟ್ಟು, ದಾಳವುರುಳಿಸಿ, ತೀರ್ಪುಗಾರನನ್ನು ನೇಮಿಸಿ ಆಡುವ ಯುದ್ಧಕ್ರೀಡೆಯನ್ನು ರೂಪಿಸಿದರು. 1824ರಲ್ಲಿ ಮಗನು ಸಿದ್ಧಪಡಿಸಿದ ನಿಯಮಗಳು ಅಲ್ಲಿಯ ಸೇನಾಧಿಕಾರಿಗಳ ಶಿಕ್ಷಣದಲ್ಲಿ ಸ್ಥಾನ ಪಡೆದವು. ಹಾಲೆಂಡಿನ ಇತಿಹಾಸಜ್ಞ ಯೋಹಾನ್ ಹುಯಿಜಿಂಗನು 1938ರ ತನ್ನ 'ಹೋಮೋ ಲುಡೆನ್ಸ್' ಗ್ರಂಥದಲ್ಲಿ, ಆಟಕ್ಕೆ ತನ್ನದೇ ಕಾಲ, ತನ್ನದೇ ಎಲ್ಲೆ, ತನ್ನದೇ ನಿಯಮಗಳಿವೆಯೆಂದು ಪ್ರತಿಪಾದಿಸಿದ್ದಾನೆ. ಎಲ್ಲೆಯೊಳಗೆ ನಡೆದುದು ಎಲ್ಲೆಯ ಹೊರಗೆ ನಡೆದುದಕ್ಕೆ ಸಮನಲ್ಲ. ಆದುದರಿಂದ ಪಂಡಿತರ ಆಕ್ಷೇಪವನ್ನು ಇದ್ದಂತೆಯೇ ಒಪ್ಪಿದರೆ ಚದುರಂಗದ ಮಣೆಯನ್ನೂ ಒಲೆಗೆ ಹಾಕಬೇಕಾಗುತ್ತದೆ. ಅವರು ಸಂಜೆ ಚದುರಂಗವಾಡುವವರು. ಈ ಮಾತನ್ನು ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಈಗ ಆ ಆಟದ ಗುಣ. ಮೊದಲ ಸಂಜೆ ನಾವು ನಿರೀಕ್ಷಿಸಿದುದು ಗದ್ದಲ, ಕಂಡುದು ನಡಿಗೆ. ಹುಡುಗನು ಕಾಲು ಗಂಟೆಗೂ ಹೆಚ್ಚು ಕಾಲ ಒಣಗಿದ ಗುಡ್ಡಗಳ ನಡುವೆ ನಡೆದನು. ನಕ್ಷೆಯನ್ನು ತೆಗೆದು ನೋಡಿದನು, ದಿಕ್ಸೂಚಿಯನ್ನು ಹಿಡಿದನು, ಹಳ್ಳಕ್ಕಿಳಿದನು, ಮಂಡಿಯೂರಿದನು. ಓಡಿದರೆ ಅವನ ಸೈನಿಕನಿಗೆ ಏದುಸಿರು ಬರುತ್ತದೆ. ಏದುಸಿರಿನಲ್ಲಿ ಬಂದೂಕು ನಿಲ್ಲುವುದಿಲ್ಲ. ಗುರಿ ಸಿಗಬೇಕಾದರೆ ಕುಳಿತು ಉಸಿರು ಕಟ್ಟಬೇಕು. ಹಾರಿದ ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ, ದೂರಕ್ಕೆ ತಕ್ಕಂತೆ ನೆಲದ ಕಡೆಗೆ ಬಾಗುತ್ತದೆ. ಆ ದೂರವನ್ನು ಕಣ್ಣಳತೆಯಲ್ಲಿ ಲೆಕ್ಕ ಹಾಕಬೇಕು. ದೂರದಿಂದ ಬಂದ ಗುಂಡು ಪಕ್ಕದಲ್ಲಿ ಚಟ್ಟೆಂದು ಹಾದುಹೋದ ಮೇಲೆ ಬಂದೂಕಿನ ಸದ್ದು ಕೇಳಿಬರುತ್ತದೆ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆಂಬ ಭೌತಶಾಸ್ತ್ರದ ಪಾಠವನ್ನು ಆ ಹುಡುಗ ಕಿವಿಯಿಂದಲೇ ಕಲಿತಿದ್ದಾನೆ. ಬೇರೆ ಅನೇಕ ಆಟಗಳಲ್ಲಿ ಗೋಡೆಯ ಮರೆಯಲ್ಲಿ ಕೆಲವು ಕ್ಷಣ ನಿಂತರೆ ಗಾಯಗಳು ತಾವೇ ಮಾಯುತ್ತವಂತೆ. ಇಲ್ಲಿ ಒಂದೆರಡು ಗುಂಡಿಗೆ ಕಥೆ ಮುಗಿಯಿತು. ಅಷ್ಟು ನಡೆದು ಹೋದ ನಮ್ಮ ಹುಡುಗನು ಒಂದು ಬೇಲಿಯ ಬಳಿ ಬಿದ್ದುಬಿಟ್ಟನು. ಹೊಡೆದವನಾರೆಂದು ಅವನಿಗೂ ಕಾಣಲಿಲ್ಲ, ನಮಗೂ ಕಾಣಲಿಲ್ಲ. ಕೋಣೆಯಲ್ಲಿ ಯಾರೂ ನಗಲಿಲ್ಲ.

ವೀರನೊಬ್ಬನು ನೂರು ಜನರನ್ನು ಕೆಡವಿ ಕೂದಲು ಕೊಂಕದೆ ಹಿಂದಿರುಗುವ ಕಥೆಯನ್ನು ನಮ್ಮ ಚಲನಚಿತ್ರಗಳು ಎಷ್ಟು ಸಲ ಹೇಳಿಲ್ಲ! ಅದು ಸುಳ್ಳು, ಯುವಕರ ರಕ್ತಕ್ಕೆ ಬಹು ಹತ್ತಿರವಾದ ಸುಳ್ಳು. ಈ ಆಟ ಆ ಸುಳ್ಳನ್ನು ಹೇಳುವುದಿಲ್ಲ. ಯುದ್ಧವೆಂದರೆ ಬಹುಪಾಲು ಕಾಯುವುದು, ಹೊರುವುದು, ಹೆದರುವುದು, ಜೊತೆಗಾರನ ಮಾತನ್ನು ಕೇಳುವುದು ಎಂದು ಅದು ತೋರಿಸುತ್ತದೆ. ಒಬ್ಬನೇ ಮುಂದೆ ಓಡಿದವನು ಮೊದಲು ಬೀಳುತ್ತಾನೆ. ಇನ್ನೊಂದು ಗುಣ: ಆಡುವವನು ತಾನೇ ಹೊಸ ಸನ್ನಿವೇಶಗಳನ್ನು ಕಟ್ಟುವಂತೆ ಅದರಲ್ಲಿ ಉಪಕರಣಗಳಿವೆ. ಜಗತ್ತಿನ ನಾನಾ ಕಡೆಯ ಆಟಗಾರರು ಕಟ್ಟಿ ಹಂಚಿಕೊಂಡಿರುವುದು ಮೂಲ ನಿರ್ಮಾಪಕರು ಕಟ್ಟಿದುದನ್ನು ಮೀರಿಸುವಷ್ಟಿದೆಯೆಂದು ಇಂಜಿನಿಯರರು ಹೇಳಿದರು.

ಸಣ್ಣಪುಟ್ಟ ದೋಷಗಳನ್ನು ಹುಡುಗರೇ ಹೇಳಿದರು. ಕೀಲಿಮಣೆಯ ಮೇಲಿನ ಗುಂಡಿಗಳೆಲ್ಲ ಸಾಲದೆಂಬಷ್ಟು ಅಪ್ಪಣೆಗಳು. ಯಂತ್ರವೇ ನಡೆಸುವ ಸೈನಿಕರು ಒಮ್ಮೆ ಹುಲ್ಲಿನ ಮರೆಯಲ್ಲಿದ್ದವನನ್ನೂ ದೂರದಿಂದ ಕಂಡುಬಿಡುತ್ತಾರೆ, ಒಮ್ಮೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾರೆ. ದೊಡ್ಡ ಕಾಳಗವಾದರೆ ಚಿತ್ರ ತಡವರಿಸುತ್ತದೆ. ಇವು ಕುಶಲಕರ್ಮಿಗಳು ತಿದ್ದಿಕೊಳ್ಳುವ ದೋಷಗಳು. ನಮ್ಮ ವಿಚಾರಕ್ಕೆ ಸಂಬಂಧಿಸಿದವಲ್ಲ.

ಎರಡನೆಯ ಸಂಜೆ ಶ್ರೀಮಠದ ಭಕ್ತರಾದ ನಿವೃತ್ತ ಹವಾಲ್ದಾರರೊಬ್ಬರನ್ನು ಕರೆಸಿದೆವು. ಸೈನ್ಯಕ್ಕೆ ಸೇರಬೇಕೆಂದಿರುವ ಇಬ್ಬರು ಹುಡುಗರು ಈ ಆಟವೇ ತಮಗೆ ತರಬೇತಿ ಎಂದು ವಾದಿಸುತ್ತಿದ್ದರು. ಅವರ ಮಾತಿಗೆ ಆಧಾರವಿಲ್ಲದಿಲ್ಲ: 2001ರ ಆ ಮೊದಲ ಆಟದ ಅಡಿಪಾಯದ ಮೇಲೆಯೇ ಕಟ್ಟಿದ ವಿ.ಬಿ.ಎಸ್. ಎಂಬ ಅಭ್ಯಾಸ ಸಾಧನವನ್ನು ಅಮೆರಿಕದ ಮರೀನ್ ಪಡೆ, ಆಸ್ಟ್ರೇಲಿಯದ ಸೇನೆಗಳು ತರಬೇತಿಗೆ ಬಳಸಿವೆ. ಹವಾಲ್ದಾರರು ಅರ್ಧ ಗಂಟೆ ಬಾಯಿ ಬಿಡದೆ ನೋಡಿದರು. "ಎಲ್ಲಾ ಖರೇನ ಐತ್ರಿ ಅಜ್ಜಾರ. ನಡಿಗಿ ಖರೆ, ಬಂದೂಕು ಖರೆ" ಎಂದರು. ಅನಂತರ ಹುಡುಗನ ಭುಜ ಮುಟ್ಟಿ, "ತಮ್ಮಾ, ಆ ಮನಿಯೊಳಗ ಹೋಗು" ಎಂದರು. "ಅಲ್ಲಿ ಯಾರೂ ಇಲ್ರಿ ಕಾಕಾ" ಎಂದನು ಹುಡುಗ. "ಇಲ್ಲ ಅಂತ ಗೊತ್ತೈತಿ. ಒಳಗ ಹೋಗು."

ಒಳಗೆ ಗೋಡೆಗಳಿದ್ದವು, ಕಿಟಕಿಗಳಿದ್ದವು, ಮೆಟ್ಟಿಲುಗಳಿದ್ದವು. ಮಂಚವಿಲ್ಲ, ಕೊಡವಿಲ್ಲ, ಬಟ್ಟೆ ಒಣಹಾಕಿದ ಹಗ್ಗವಿಲ್ಲ. ಹುಡುಗನು ಪಕ್ಕದ ಮನೆಗೂ ಹೋದನು, ಅಲ್ಲಿಯೂ ಹಾಗೆಯೇ. "ಒಲಿ ಎಲ್ಲೈತಿ?" ಎಂದು ಹವಾಲ್ದಾರರು ಕೇಳಿದರು.

2001ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೇನೆ ಪಶ್ಚಿಮದ ಗಡಿಯುದ್ದಕ್ಕೂ ಜಮಾಯಿಸಿದುದು ಓದುಗರ ನೆನಪಿನಲ್ಲಿರಬಹುದು. ಹೊಲಗಳಲ್ಲಿ ನೆಲಬಾಂಬುಗಳನ್ನು ಹುಗಿದರು. ಗಡಿಯ ಹಳ್ಳಿಗಳ ಜನ ಮನೆ ಬಿಟ್ಟರು. ಯುದ್ಧ ನಡೆಯಲಿಲ್ಲ, ಆದರೆ ಹುಗಿಯುವಾಗ, ತೆಗೆಯುವಾಗ ಯೋಧರೂ ರೈತರೂ ಕೈಕಾಲು ಕಳೆದುಕೊಂಡರು, ಸತ್ತರು. ಹವಾಲ್ದಾರರು ಆಗ ರಾಜಸ್ಥಾನದಲ್ಲಿದ್ದರು. ತೆರವಾದ ಒಂದು ಮನೆಯನ್ನು ಪರಿಶೀಲಿಸಲು ಒಳಗೆ ಹೋದಾಗ ಒಲೆಯ ಮೇಲೆ ಹಂಚು ಇತ್ತಂತೆ, ಪಕ್ಕದ ಪರಾತದಲ್ಲಿ ನಾದಿಟ್ಟ ಹಿಟ್ಟು ಒಣಗಿ ಬಿರಿದಿತ್ತಂತೆ. ಇಪ್ಪತ್ತು ವರ್ಷ ಮೀರಿದರೂ ತಮಗೆ ನೆನಪಾಗುವುದು ಬಂದೂಕಲ್ಲ, ಆ ಪರಾತವೆಂದು ಹೇಳಿ ಅವರು ಎದ್ದು ಹೋದರು.

ಆಟದ ನಿಜವಾದ ದೋಷ ಇಲ್ಲಿದೆಯೆಂದು ನಮಗೆ ತೋರುತ್ತದೆ. ಗುಂಡು ಬಂದೂಕಿನಿಂದ ಹೊರಟು ತಾಗುವವರೆಗಿನ ದಾರಿಯನ್ನು ಅದು ಇಷ್ಟು ನಿಷ್ಠೆಯಿಂದ ಲೆಕ್ಕ ಹಾಕುತ್ತದೆ. ತಾಗಿದ ಮೇಲಿನ ದಾರಿಯನ್ನು ಲೆಕ್ಕ ಹಾಕುವುದೇ ಇಲ್ಲ. ಬಿದ್ದವನಿಗೆ ಊರಿಲ್ಲ, ಅವನ ದಾರಿ ಕಾಯುವವರಿಲ್ಲ. ಆಡುವವನು ಸತ್ತರೆ ಮರುಕ್ಷಣ ಎದ್ದು ನಿಲ್ಲುತ್ತಾನೆ. ಇಂಜಿನಿಯರರು ಇದಕ್ಕೊಂದು ಜಾಣ ಉತ್ತರ ಕೊಟ್ಟರು: ಚದುರಂಗದ ಕಾಲಾಳಿಗೂ ಹೆಂಡತಿ ಮಕ್ಕಳಿಲ್ಲವಲ್ಲ? ಇಲ್ಲ, ನಿಜ. ಆದರೆ ಚದುರಂಗದ ಕಾಲಾಳಿಗೆ ಮುಖವೂ ಇಲ್ಲ. ಅದು ತಾನು ಯುದ್ಧದ ಪ್ರತಿರೂಪವೆಂದು ಎಂದೂ ಹೇಳಿಕೊಂಡಿಲ್ಲ. ಈ ಆಟದ ಹೆಗ್ಗಳಿಕೆಯೇ 'ಇದ್ದದ್ದು ಇದ್ದಂತೆ' ಎಂಬುದು. ಯಾವ ಅಳತೆಗೋಲನ್ನು ಅದು ತಾನಾಗಿ ಹಿಡಿದಿದೆಯೋ ಅದರಿಂದಲೇ ಅದನ್ನು ಅಳೆಯಬೇಕಾಗುತ್ತದೆ. ಹೊರಗಿನದು ನಿಜಕ್ಕೆ ಎಷ್ಟು ಹತ್ತಿರವಾಗುತ್ತದೋ ಒಳಗಿನ ಬರಿದು ಅಷ್ಟು ಎದ್ದು ಕಾಣುತ್ತದೆ.

ಆ ದ್ವೀಪವೂ ಸುಮ್ಮನೆ ಕಲ್ಪಿಸಿದ್ದಲ್ಲ. ಆಟದಲ್ಲಿ ಆಲ್ಟಿಸ್ ಎನ್ನಿಸಿಕೊಂಡಿರುವ, ಸುಮಾರು 270 ಚದರ ಕಿಲೋಮೀಟರಿನ ಆ ನೆಲ ಗ್ರೀಸ್ ದೇಶದ ಲೆಮ್ನೋಸ್ ದ್ವೀಪದ ಪಡಿಯಚ್ಚು. 2012ರಲ್ಲಿ ಆ ದ್ವೀಪಕ್ಕೆ ಹೋಗಿದ್ದ ಸಂಸ್ಥೆಯ ಇಬ್ಬರು ನೌಕರರು ಸೇನಾನೆಲೆಗಳ ಚಿತ್ರ ತೆಗೆದರೆಂಬ ಆರೋಪದ ಮೇಲೆ ಗೂಢಚರ್ಯೆಗಾಗಿ ಬಂಧಿತರಾಗಿ, 129 ದಿನ ಸೆರೆಮನೆಯಲ್ಲಿದ್ದು, 2013ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. ಆಟದ ದ್ವೀಪದ ಹೆಸರು ಬದಲಾದುದು ಅದಾದ ಮೇಲೆ. ಅದೇ ಲೆಮ್ನೋಸಿನ ಮುದ್ರೋಸ್ ಬಂದರು 1915ರ ಗಲಿಪೊಲಿ ಯುದ್ಧಕ್ಕೆ ಮಿತ್ರಪಡೆಗಳ ನೆಲೆಯಾಗಿತ್ತು. ಗಾಯಗೊಂಡು ಅಲ್ಲಿಗೆ ಬಂದು ಸತ್ತವರ ಸಮಾಧಿಗಳು ಇಂದಿಗೂ ಅಲ್ಲಿವೆ.

ಬರಿದನ್ನು ನಿರ್ಮಾಪಕರು ತಾವೇ ಕಂಡುಕೊಂಡರೆನ್ನುವುದಕ್ಕೆ ಸಾಕ್ಷಿಯಿದೆ. 2017ರ ಸೆಪ್ಟೆಂಬರಿನಲ್ಲಿ ಅವರು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸಹಕಾರದಿಂದ 'ಲಾಸ್ ಆಫ್ ವಾರ್' ಎಂಬ ಹೊಸ ಭಾಗವೊಂದನ್ನು ಸೇರಿಸಿದರು. ಯುದ್ಧದ ನಿಯಮಗಳು ಎಂದು ಅದರ ಅರ್ಥ. ಅದರಲ್ಲಿ ಆಡುವವನು ಸೈನಿಕನಲ್ಲ; ಯುದ್ಧ ಮುಗಿದ ಮೇಲೆ ಓರಿಯೊಕಾಸ್ಟ್ರೊ ಎಂಬ ಹಾಳುಬಿದ್ದ ಊರಿಗೆ ಬಂದು, ಸಿಡಿಯದೆ ಉಳಿದ ಬಾಂಬುಗಳನ್ನು ಹುಡುಕಿ ನಿಷ್ಕ್ರಿಯಗೊಳಿಸುವ ಸೇವಾಸಂಸ್ಥೆಯ ಕೆಲಸಗಾರ. ಪತ್ರಕರ್ತೆಯೊಬ್ಬಳು ದೂರವಾಣಿಯಲ್ಲಿ ಅವನನ್ನು ಕೇಳುತ್ತಾಳೆ: ಈ ಊರಿಗೆ ಏನಾಯಿತು, ಹೊಣೆ ಯಾರದು? ಕಾಲಿಗೆ ಸಿಕ್ಕ ಒಂದೊಂದು ವಸ್ತುವಿನಿಂದ ಕಥೆ ಹಿಂದಕ್ಕೆ ಹೊರಳಿ, ಅದೇ ಬೀದಿಯನ್ನು ಒಮ್ಮೆ ಈ ಪಕ್ಷದವನ ಕಣ್ಣಿನಿಂದ, ಒಮ್ಮೆ ಆ ಪಕ್ಷದವನ ಕಣ್ಣಿನಿಂದ ತೋರಿಸುತ್ತದೆ. ಆ ವರ್ಷ ಈ ಭಾಗದ ಮಾರಾಟದಿಂದ ಬಂದ ನಿವ್ವಳ ಆದಾಯದಲ್ಲಿ ಅರ್ಧವನ್ನು, ಎಂದರೆ 1,76,667 ಡಾಲರುಗಳನ್ನು, ಸಂಸ್ಥೆ ರೆಡ್‌ಕ್ರಾಸಿಗೆ ಕೊಟ್ಟಿತು.

ಮೂರನೆಯ ಸಂಜೆ ನಾವು ನೋಡಿದುದು ಈ ಭಾಗವನ್ನು. ಹುಡುಗರು ಅಂದು ಹೆಚ್ಚು ಮಾತನಾಡಲಿಲ್ಲ. ಆದರೆ ಮೆಚ್ಚಿ ಸುಮ್ಮನಾಗುವಂತೆಯೂ ಇಲ್ಲ. ಚೂರುಚೂರಾಗಿ ಹರಡಿ ಬೀಳುವ ಗುಚ್ಛಬಾಂಬನ್ನು 2008ರ ಒಪ್ಪಂದದಲ್ಲಿ ಅನೇಕ ರಾಷ್ಟ್ರಗಳು ನಿಷೇಧಿಸಿವೆ. ಅದರ ಘೋರವನ್ನು ತೋರಿಸುವ ಈ ಭಾಗದ ಜೊತೆಯಲ್ಲಿಯೇ ಆ ಬಾಂಬು ಆಟದ ಶಸ್ತ್ರಾಗಾರಕ್ಕೆ ಹೊಸ ಆಯುಧವಾಗಿ ಬಂದಿತು. ಮರುದಿನ ಒಬ್ಬ ಹುಡುಗ ಅದನ್ನು ವಿಮಾನದಿಂದ ಎಸೆದು ಸಂತೋಷಪಡುತ್ತಿದ್ದನು. ಔಷಧವನ್ನೂ ವಿಷವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟ ವೈದ್ಯನನ್ನು ಏನೆನ್ನಬೇಕು? ಎಸೆದ ಮೇಲೆ ಸಿಡಿಯದ ಚೂರುಗಳು ನೆಲದಲ್ಲಿ ಉಳಿಯುತ್ತವೆ, ಆ ದಾರಿಯಲ್ಲಿ ಮತ್ತೆ ನಡೆಯಲು ಅವನೇ ಹೆದರಿದನು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಇಷ್ಟರಲ್ಲಿ ತೀರ್ಪು ಬಹುಮಟ್ಟಿಗೆ ಸಿದ್ಧವಾಗಿತ್ತು. ಅದನ್ನು ಕದಡಿದುದು ಒಂದು ಕ್ಷುಲ್ಲಕ ಸಂಗತಿ. ಹುಡುಗನೊಬ್ಬನು ಆಟದ ಇನ್ನೊಂದು ದೃಶ್ಯವನ್ನು ತೋರಿಸಿದನು: ರಾತ್ರಿಯ ಆಕಾಶದಲ್ಲಿ ಬೆಂಕಿಯ ಧಾರೆಯೊಂದು ವಿಮಾನವನ್ನು ಬೆನ್ನಟ್ಟಿ ಕೆಡಹುತ್ತದೆ. ಆ ದೃಶ್ಯವನ್ನು ನಾವು ಮೊದಲೇ ನೋಡಿದ್ದೆವು. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದ ದಿನಗಳಲ್ಲಿ ಭಕ್ತರೊಬ್ಬರು ಇಂಥದೇ ಒಂದು ತುಣುಕನ್ನು ನಮ್ಮ ಮೊಬೈಲಿಗೆ ಕಳುಹಿಸಿದ್ದರು, ಗಡಿಯಲ್ಲಿ ನಡೆದ ನಿಜ ಘಟನೆಯೆಂದು. ನಾವು ನಂಬಿದೆವು. ಎರಡು ಸಲ ನೋಡಿದೆವು. ಪೂಜೆಗೆ ಬಂದಿದ್ದ ಕೆಲವರಿಗೂ ತೋರಿಸಿದೆವು. ಈ ಆಟದ ದೃಶ್ಯಗಳನ್ನು ನಿಜ ಯುದ್ಧವೆಂದು ಹಬ್ಬಿಸುವ ಹಾವಳಿ ಹೊಸದಲ್ಲ. ಉಕ್ರೇನಿನ ಯುದ್ಧದ ವಿಷಯದಲ್ಲಿ ಅದು ಹೆಚ್ಚಿದಾಗ, 2022ರ ನವೆಂಬರಿನಲ್ಲಿ ನಿರ್ಮಾಪಕರೇ ಹೇಳಿಕೆ ಹೊರಡಿಸಿ, ಗುರುತು ಹಿಡಿಯುವ ಬಗೆಯನ್ನು ವಿವರಿಸಿದ್ದರು. ಅದು ನಮಗೆ ತಿಳಿದಿರಲಿಲ್ಲ ಎಂಬುದು ನೆಪ ಮಾತ್ರ. ಆ ವಿಮಾನದೊಳಗೆ ಒಬ್ಬ ಮನುಷ್ಯನಿದ್ದಾನೆಂದು ತಿಳಿದೇ ನಾವು ನೋಡಿದೆವು, ಅವನು ಬಿದ್ದಾಗ ನಮ್ಮ ಮನಸ್ಸು ಹಿಗ್ಗಿತು.

ಓದುಗರೇ, ಪಂಡಿತರ ಹಿಟ್ಟಿನ ಕೋಳಿಯನ್ನು ಈಗ ಮತ್ತೆ ಎದುರಿಗಿಟ್ಟುಕೊಳ್ಳೋಣ. ಯಶೋಧರನಿಗೆ ದೋಷ ತಗುಲಿದುದು ಹಿಟ್ಟನ್ನು ಕತ್ತರಿಸಿದ್ದಕ್ಕಲ್ಲ. ಹಾಗಾದರೆ ರೊಟ್ಟಿ ಮುರಿದವರಿಗೂ ದೋಷವಿರಬೇಕಾಗಿತ್ತು. ಕತ್ತರಿಸಿದ್ದು ಕೋಳಿಯೆಂದೇ ದೇವಿ ಸ್ವೀಕರಿಸಲಿ, ಕೊಂದ ಫಲ ತನಗೆ ಬರಲಿ ಎಂಬ ಸಂಕಲ್ಪಕ್ಕೆ ದೋಷ ತಗುಲಿತು. ನಿಲಯದ ಹುಡುಗನಲ್ಲಿ ಆ ಸಂಕಲ್ಪವಿದೆಯೆ? ಪರದೆಯ ಮೇಲಿನದು ಹಿಟ್ಟೆಂದು ಅವನು ಬಲ್ಲನು. ಅವನಿಗೆ ಬೇಕಾದುದು ಯಾರದೋ ಮರಣವಲ್ಲ, ತನ್ನ ತಂಡ ಆ ಗುಡ್ಡವನ್ನು ತಲುಪುವುದು. ಅದಕ್ಕಾಗಿ ಅವನು ನಡೆದಿದ್ದಾನೆ, ಕಾದಿದ್ದಾನೆ, ಬೇಲಿಯ ಬಳಿ ತಾನೇ ಬಿದ್ದಿದ್ದಾನೆ, ಭಯವೆಂಬುದರ ನೆರಳನ್ನಾದರೂ ಕಂಡಿದ್ದಾನೆ. ನಾವೋ, ಹಿಟ್ಟನ್ನೇ ಮಾಂಸವೆಂದು ತಿಳಿದು ಸಂತೋಷಪಟ್ಟವರು. ನಡೆಯಲಿಲ್ಲ, ಹೆದರಲಿಲ್ಲ, ಗದ್ದುಗೆಯ ಮೇಲೆ ಕುಳಿತು ಬೆರಳಾಡಿಸಿದೆವು. ಒಲೆಯಿಲ್ಲದ ಮನೆಗಳ ನಡುವೆ ಯುದ್ಧವನ್ನು ನೋಡುವ ದೋಷ ಆ ಕೋಣೆಯ ಬೀಗದ ಒಳಗೆ ಮಾತ್ರ ಇರಲಿಲ್ಲ. ಬೀಗದ ಕೈಯನ್ನು ಹಿಡಿದ ಕೈಯಲ್ಲಿ ಮೊಬೈಲೂ ಇತ್ತು.

ಹಾಗೆಂದು ಆಟ ನಿರ್ದೋಷಿಯಾಯಿತೆಂದು ತಿಳಿಯಬಾರದು. ದಿನವೂ ಮೂರು ಗಂಟೆ ಹಿಟ್ಟನ್ನು ಕತ್ತರಿಸುವವನ ಕೈ ಹಿಟ್ಟು ಯಾವುದು, ಜೀವ ಯಾವುದು ಎಂಬ ಭೇದವನ್ನು ಮರೆಯದೆಂಬ ಭರವಸೆಯನ್ನು ಯಾವ ಶಾಸ್ತ್ರವೂ ಕೊಡಲಾರದು. ಪರೀಕ್ಷೆ ಹತ್ತಿರ ಬಂದಿರುವ ಹುಡುಗರ ವಿಷಯದಲ್ಲಂತೂ ಪಾಪಪುಣ್ಯದ ವಿಚಾರಕ್ಕೆ ಮೊದಲು ವೇಳೆಯ ವಿಚಾರ ಬರುತ್ತದೆ.

ಬೀಗದ ಕೈಯನ್ನು ಪಂಡಿತರಿಗೆ ಹಿಂದಿರುಗಿಸಿದೆವು. ಭಾನುವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ ಕೋಣೆ ತೆರೆಯುತ್ತದೆ. ಕಾಳಗವಾಡುವವನು ಮೊದಲು ಆ ಹಾಳೂರಿನ ಬಾಂಬು ತೆಗೆಯುವ ಭಾಗವನ್ನು ಕೊನೆಯವರೆಗೆ ಆಡಿರಬೇಕು. ಯುದ್ಧದ ತುಣುಕುಗಳನ್ನು ನಮ್ಮ ಮೊಬೈಲಿಗೆ ಕಳುಹಿಸಬಾರದೆಂದು ಭಕ್ತರಲ್ಲಿ ಕೇಳಿಕೊಂಡಿದ್ದೇವೆ, ಇಲ್ಲಿಯೂ ಕೇಳಿಕೊಳ್ಳುತ್ತೇವೆ. ಪಂಡಿತರಿಗೆ ಪೂರ್ಣ ಸಮಾಧಾನವಾಗಿಲ್ಲ. ಆದರೂ ಕೋಣೆಯನ್ನು ಅವರೇ ತೆರೆಯುತ್ತಾರೆ, ಹವಾಲ್ದಾರರ ಪಕ್ಕದಲ್ಲಿ ಕುಳಿತಿರುತ್ತಾರೆ.

ಬೇಲಿಯ ಬಳಿ ಬಿದ್ದಿದ್ದ ಆ ಹುಡುಗನು ಈಗ ಆಟದ ಉಪಕರಣಗಳಿಂದ ತನ್ನದೇ ಒಂದು ಸನ್ನಿವೇಶವನ್ನು ಕಟ್ಟುತ್ತಿದ್ದಾನೆ. ಕಳೆದ ಭಾನುವಾರ ತೋರಿಸಿದನು. ಒಂದು ಬರಿದು ಮನೆಯೊಳಗೆ ಮೇಜು, ಎರಡು ಕುರ್ಚಿಗಳನ್ನು ತಂದಿಟ್ಟಿದ್ದಾನೆ. ಅಂಗಳದಲ್ಲಿ ಸೌದೆಯ ಬೆಂಕಿಯೊಂದನ್ನು ಹೊತ್ತಿಸಿದ್ದಾನೆ. ಶತ್ರುಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನು ಇನ್ನೂ ತೀರ್ಮಾನಿಸಿಲ್ಲ.